ಕಮ್ಮಾರನ ಮಗ ಹೋಂಡಾ

ಸೋಯಿಚಿರೊ ಹೋಂಡಾ ತನ್ನ ಮುಪ್ಪಿನಲ್ಲಿ ಹೊರತಂದ ಪುಸ್ತಕವೊಂದರಲ್ಲಿ ತನ್ನ ಎಡಗೈಯ ಚಿತ್ರವನ್ನು ಕೊಟ್ಟಿದ್ದಾನೆ. ಅಂಗೈ ನೋಡಿ ಭವಿಷ್ಯ ಹೇಳುವವರಿಗೆ ಬೇಕಾದ ರೇಖೆಗಳು ಅದರಲ್ಲಿಲ್ಲ. ಇರುವುದು ಗಾಯದ ಕಲೆಗಳು. ಸುತ್ತಿಗೆಯ ಪೆಟ್ಟು ಎಲ್ಲಿ ಬಿತ್ತು, ಹರಿತವಾದ ಆಯುಧ ಎಲ್ಲಿ ಜಾರಿತು, ಬೆರಳಿನ ತುದಿ ಎಲ್ಲಿ ಕತ್ತರಿಸಿಹೋಯಿತು ಎಂಬುದರ ನಕ್ಷೆ ಅದು. ಬಲಗೈ ಕೆಲಸ ಮಾಡುತ್ತದೆ, ಎಡಗೈ ಅದಕ್ಕೆ ಆಸರೆಯಾಗಿ ನಿಂತು ಪೆಟ್ಟು ತಿನ್ನುತ್ತದೆ ಎಂಬುದು ಆತನ ವಿವರಣೆ. ಕೋಟ್ಯಂತರ ವಾಹನಗಳ ಮೇಲೆ ತನ್ನ ಹೆಸರನ್ನು ಕಂಡವನು, ದೇಶವಿದೇಶಗಳ ಪದಕಗಳನ್ನು ಪಡೆದವನು, ಓದುಗರಿಗೆ ತೋರಿಸಬೇಕೆಂದು ಆರಿಸಿಕೊಂಡದ್ದು ಈ ಜಜ್ಜಿದ ಕೈಯನ್ನು. ಈ ಮನುಷ್ಯನ ಜೀವನವನ್ನು ಅರಿಯಬೇಕೆಂಬ ಕುತೂಹಲ ನನ್ನಲ್ಲಿ ಮೂಡಿದ್ದು ಆ ಚಿತ್ರದ ದೆಸೆಯಿಂದ.

ಹೋಂಡಾ ಎಂಬುದು ಒಬ್ಬ ಮನುಷ್ಯನ ಹೆಸರೆಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಲ್ಲಿ ಆ ಹೆಸರಿನ ದೊಡ್ಡ ಕಾರ್ಖಾನೆಯೊಂದು ತೆರೆಯಿತು. ಬೆಳಗಾದರೆ ನಮ್ಮ ಬೀದಿಗಳಲ್ಲಿ ಆ ಹೆಸರನ್ನು ಹೊತ್ತ ಬಂಡಿಗಳು ಸಾಲುಗಟ್ಟಿ ಓಡುತ್ತವೆ. ಆದರೆ ಆ ಹೆಸರಿನವನು ಒಬ್ಬ ಬಡ ಕಮ್ಮಾರನ ಹಿರಿಯ ಮಗ. ಜಪಾನಿನ ಶಿಜುವೊಕಾ ಪ್ರಾಂತದಲ್ಲಿ, ತೆನ್‌ರ್ಯೂ ನದಿಯ ಸೀಮೆಯ ಕೋಮ್ಯೋ ಎಂಬ ಹಳ್ಳಿಯಲ್ಲಿ 1906ನೆಯ ನವೆಂಬರ್ 17ರಂದು ಹುಟ್ಟಿದವನು. ತಂದೆ ಗಿಹೆಯಿಯ ಕುಲುಮೆಯಲ್ಲಿ ಕುಡುಗೋಲು ಗುದ್ದಲಿಗಳು ತಯಾರಾಗುತ್ತಿದ್ದವು. ತಾಯಿ ಮಿಕಾ ಮಗ್ಗದಲ್ಲಿ ಬಟ್ಟೆ ನೇಯುತ್ತಿದ್ದಳು. ಮುಂದೆ ಗಿಹೆಯಿ ಹಳೆಯ ಸೈಕಲ್ಲುಗಳನ್ನು ಕೊಂಡು, ದುರಸ್ತಿ ಮಾಡಿ, ಮಾರುವ ಕಸುಬಿಗೂ ಕೈ ಹಾಕಿದನು. ಹುಡುಗ ತಿದಿಯ ಉಸಿರು, ಅಡಿಗಲ್ಲಿನ ನಾದ, ಕಾದ ಕಬ್ಬಿಣದ ವಾಸನೆ ಇವುಗಳ ನಡುವೆಯೇ ಬೆಳೆದನು.

ಹಳ್ಳಿಗೆ ಮೊದಲ ಮೋಟಾರು ಕಾರು ಬಂದಾಗ ಆತ ಅದರ ಹಿಂದೆ ಓಡಿದನಂತೆ. ಕಾರು ನಿಂತ ಜಾಗದಲ್ಲಿ ನೆಲಕ್ಕೆ ತೊಟ್ಟಿಕ್ಕಿದ್ದ ಎಣ್ಣೆಗೆ ಮೂಗು ಹಚ್ಚಿ ಮೂಸಿದನಂತೆ. ಮಲ್ಲಿಗೆಯ ಕಂಪಿಗೆ ಮರುಳಾದವರ ಕಥೆಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಎಂಜಿನ್ ಎಣ್ಣೆಯ ವಾಸನೆಗೆ ಮನಸೋತವನ ಕಥೆ ಅಪೂರ್ವವೆಂದೇ ಹೇಳಬೇಕು. 1917ರಲ್ಲಿ ಆರ್ಟ್ ಸ್ಮಿತ್ ಎಂಬ ಅಮೆರಿಕದ ವಿಮಾನಚಾಲಕ ಹಮಾಮಾತ್ಸು ಪಟ್ಟಣದ ಸೇನಾ ಮೈದಾನಕ್ಕೆ ಬಂದು ಆಕಾಶದಲ್ಲಿ ಲಾಗ ಹಾಕಿ ತೋರಿಸಿದನು. ಹುಡುಗ ಶಾಲೆಗೆ ಚಕ್ಕರ್ ಹಾಕಿ, ತಂದೆಯ ಸೈಕಲ್ಲನ್ನು ಹೇಳದೆ ಎತ್ತಿಕೊಂಡು, ಪೆಡಲಿಗೆ ಕಾಲು ಎಟುಕದಿದ್ದರೂ ಅಡ್ಡಗಾಲಿನಿಂದ ತುಳಿಯುತ್ತ ಅಷ್ಟು ದೂರ ಹೋದನು. ಒಳಗೆ ಹೋಗಲು ಕೈಯಲ್ಲಿದ್ದ ಕಾಸು ಸಾಲಲಿಲ್ಲ. ಹತ್ತಿರದ ಮರವೊಂದನ್ನು ಹತ್ತಿ, ಕಾವಲುಗಾರರ ಕಣ್ಣಿಗೆ ಬೀಳದಂತೆ ಕೊಂಬೆಗಳ ಮರೆಯಲ್ಲಿ ಕುಳಿತು ಎಲ್ಲವನ್ನೂ ನೋಡಿದನು. ಮನೆಗೆ ಬಂದಾಗ ತಂದೆ ಸಿಟ್ಟಿಗೆದ್ದನಾದರೂ, ಮಗ ನಿಜವಾಗಿಯೂ ವಿಮಾನವನ್ನು ನೋಡಿ ಬಂದನೆಂದು ತಿಳಿದ ಮೇಲೆ ಬೈಗುಳ ನಿಂತು ಪ್ರಶ್ನೆಗಳು ಆರಂಭವಾದವು.

ಶಾಲೆಯ ಓದು ಮಾತ್ರ ಅಷ್ಟಕ್ಕಷ್ಟೆ. ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ಜಪಾನಿನಲ್ಲಿ ರುಜುವಿನ ಬದಲು ಮನೆತನದ ಮುದ್ರೆಯನ್ನೊತ್ತುವುದು ವಾಡಿಕೆ. ಶಾಲೆಯಿಂದ ಬಂದ ಅಂಕಪಟ್ಟಿಗೆ ತಂದೆ ಮುದ್ರೆ ಒತ್ತಿ ಹಿಂದಿರುಗಿಸಬೇಕು. ಸೋಯಿಚಿರೊ ಸೈಕಲ್ ಪೆಡಲಿನ ರಬ್ಬರನ್ನು ಕೆತ್ತಿ ತನ್ನ ಮನೆತನದ ಕಳ್ಳಮುದ್ರೆಯೊಂದನ್ನು ತಯಾರಿಸಿದನು. ಅದು ಯಾರಿಗೂ ತಿಳಿಯದೆ ನಡೆದುಹೋಯಿತು. ಗೆಳೆಯರು ತಮಗೂ ಬೇಕೆಂದರು. ಧಾರಾಳಿಯಾದ ಈತ ಅವರಿಗೂ ಕೆತ್ತಿಕೊಟ್ಟನು, ಸಿಕ್ಕಿಬಿದ್ದನು. ಅಚ್ಚಿನ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರಬೇಕೆಂಬುದು ಮುದ್ರಣಾಲಯದ ಹುಡುಗನಿಗೂ ಗೊತ್ತು. ಹೋಂಡಾ ಎಂಬುದನ್ನು ಬರೆಯುವ ಎರಡು ಲಿಪಿಗಳು ಎಡಬಲದಲ್ಲಿ ಒಂದೇ ತೆರನಾಗಿರುವುದರಿಂದ ಆತನ ತಪ್ಪು ಆತನ ಹೆಸರಿನಲ್ಲಿ ಅಡಗಿಕೊಂಡಿತ್ತು. ಇತರರ ಹೆಸರುಗಳಲ್ಲಿ ಬಯಲಾಯಿತು. ಮುದ್ರೆಯ ಈ ಪ್ರಸಂಗವನ್ನು ಓದುಗರು ನೆನಪಿನಲ್ಲಿಟ್ಟುಕೊಂಡಿರಲಿ.

1922ರಲ್ಲಿ ಶಾಲೆ ಮುಗಿಸಿ, ಹದಿನೈದು ವರ್ಷದ ಹುಡುಗ ಟೋಕಿಯೊ ನಗರದ ಆರ್ಟ್ ಶೋಕಾಯಿ ಎಂಬ ಮೋಟಾರು ದುರಸ್ತಿ ಅಂಗಡಿಗೆ ಶಾಗಿರ್ದನಾಗಿ ಸೇರಿದನು. ಸ್ಪ್ಯಾನರು ಹಿಡಿಯುವ ಆಸೆಯಿಂದ ಹೋದವನ ಕೈಗೆ ಯಜಮಾನನ ಮಗುವನ್ನು ಕೊಟ್ಟರು. ಸುಮಾರು ಆರು ತಿಂಗಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಉಳಿದವರು ಎಂಜಿನ್ ಬಿಚ್ಚುವುದನ್ನು ದೂರದಿಂದ ನೋಡುತ್ತ ಕಳೆಯಬೇಕಾಯಿತು. ಓಡಿಹೋಗಬೇಕೆನಿಸಿದರೂ ಹಳ್ಳಿಯಲ್ಲಿ ಮುಖ ತೋರಿಸುವುದು ಹೇಗೆಂದು ತಡೆದುಕೊಂಡನು. 1923ರ ಸೆಪ್ಟೆಂಬರ್ 1ರಂದು ಟೋಕಿಯೊವನ್ನು ಸುಟ್ಟು ಬೂದಿ ಮಾಡಿದ ಮಹಾ ಭೂಕಂಪವಾಯಿತು. ಬೆಂಕಿ ಹತ್ತಿರ ಬಂದಾಗ ಗಿರಾಕಿಗಳ ಕಾರುಗಳನ್ನು ಹೊರಗೆ ಸಾಗಿಸಬೇಕಾಯಿತು. ಹೋಂಡಾ ಜೀವನದಲ್ಲಿ ಮೊದಲ ಬಾರಿಗೆ ಕಾರು ಓಡಿಸಿದ್ದು ಅಂದು, ಹೊತ್ತಿ ಉರಿಯುವ ನಗರದ ನಡುವೆ. ಆಮೇಲೆ ಸುಟ್ಟ ಕಾರುಗಳನ್ನು ಮತ್ತೆ ನಡೆಯುವಂತೆ ಮಾಡುವ ಕೆಲಸದಲ್ಲಿ ಈತನ ನಿಜವಾದ ವಿದ್ಯಾಭ್ಯಾಸ ಆಯಿತು.

ಯಜಮಾನ ಸಾಕಾಕಿಬಾರಾ ಒಳ್ಳೆಯ ಗುರು. ವಿಮಾನದ ಹಳೆಯ ಎಂಜಿನನ್ನು ಕಾರಿಗೆ ಜೋಡಿಸಿ ಆತ ಪಂದ್ಯಕ್ಕಿಳಿಸಿದ ಬಂಡಿ 1924ರಲ್ಲಿ ಗೆದ್ದಾಗ, ಚಾಲಕನ ಪಕ್ಕದಲ್ಲಿ ಮೆಕ್ಯಾನಿಕ್ಕಾಗಿ ಕುಳಿತಿದ್ದವನು ಹೋಂಡಾ. 1928ರಲ್ಲಿ ಗುರುವಿನ ಒಪ್ಪಿಗೆಯಿಂದ, ಅದೇ ಹೆಸರಿನ ಶಾಖೆಯನ್ನು ಹಮಾಮಾತ್ಸುವಿನಲ್ಲಿ ತೆರೆದನು. ಆ ಕಾಲದ ಕಾರುಗಳ ಚಕ್ರದ ಮರದ ಕಡ್ಡಿಗಳ ಬದಲು ಎರಕದ ಕಬ್ಬಿಣದ ಕಡ್ಡಿಗಳನ್ನು ಮಾಡಿ ಪೇಟೆಂಟು ಪಡೆದನು. ಕೈಯಲ್ಲಿ ಹಣ ಆಡಿತು. ಹಣ ಆಡಿದಾಗ ಯುವಕ ಹೋಂಡಾ ಹಮಾಮಾತ್ಸುವಿನಲ್ಲಿ ನಡೆಸಿದ ವಿಲಾಸಗಳು ಸಂತರ ಚರಿತ್ರೆಗೆ ಸೇರತಕ್ಕವಲ್ಲ. ಅದನ್ನು ಆತ ಎಂದೂ ಮುಚ್ಚಿಟ್ಟವನಲ್ಲವಾದ್ದರಿಂದ ನಾವು ಎತ್ತಿ ಆಡುವ ಅಗತ್ಯವಿಲ್ಲ. 1935ರಲ್ಲಿ ಸಾಚಿ ಎಂಬ ವಿದ್ಯಾವಂತೆಯನ್ನು ಮದುವೆಯಾದನು. ಮರುವರ್ಷ ಜೂನ್ ತಿಂಗಳಲ್ಲಿ, ಟೋಕಿಯೊ ಸಮೀಪದ ತಮಾಗಾವಾ ಪಂದ್ಯದ ಹಾದಿಯಲ್ಲಿ ತಾನೇ ಕಟ್ಟಿದ ಕಾರನ್ನು ಮುಂಚೂಣಿಯಲ್ಲಿ ಓಡಿಸುತ್ತಿರುವಾಗ ಇನ್ನೊಂದು ಕಾರು ಅಡ್ಡ ಬಂದು ಬಂಡಿ ಪಲ್ಟಿ ಹೊಡೆಯಿತು. ಈತನ ಮುಖ ಜಜ್ಜಿಹೋಯಿತು. ಪಕ್ಕದಲ್ಲಿದ್ದ ತಮ್ಮ ಬೆಂಜಿರೊಗೆ ಭಾರಿ ಪೆಟ್ಟಾಯಿತು.

ದುರಸ್ತಿ ಎಷ್ಟು ಮಾಡಿದರೂ ದುರಸ್ತಿಯೇ. ಹೊಸದನ್ನು ಮಾಡಬೇಕೆಂಬ ಹಂಬಲ ಹತ್ತಿತು. ಪಿಸ್ಟನ್ನಿನ ಸುತ್ತ ಕೂಡಿಸುವ ಕಬ್ಬಿಣದುಂಗುರ, ಅಂದರೆ ಪಿಸ್ಟನ್ ರಿಂಗು, ನೋಡಲು ಎಷ್ಟೋ ಸರಳ. ಹೋಂಡಾ ಹಗಲೂ ರಾತ್ರಿ ಕುಲುಮೆಯ ಮುಂದೆ ಕುಳಿತು ಎರಕ ಹೊಯ್ದರೂ ಉಂಗುರ ಗಾಜಿನಂತೆ ಮುರಿಯುತ್ತಿತ್ತು. ಕೈಗೆ ತಿಳಿಯದ ವಿದ್ಯೆಯೂ ಒಂದುಂಟೆಂದು ಆತನಿಗೆ ಮೊದಲ ಬಾರಿಗೆ ಗೊತ್ತಾದದ್ದು ಆಗ. ಹಮಾಮಾತ್ಸುವಿನ ತಾಂತ್ರಿಕ ವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಆ ಕಬ್ಬಿಣವನ್ನು ಪರೀಕ್ಷಿಸಿ ಅದರಲ್ಲಿ ಸಿಲಿಕಾನ್ ಸಾಲದೆಂದು ತಿಳಿಸಿದರು. ಮೂವತ್ತು ವರ್ಷದ ಅಂಗಡಿ ಯಜಮಾನ ಹುಡುಗರ ಜೊತೆ ಬೆಂಚಿನ ಮೇಲೆ ಕುಳಿತು ಲೋಹಶಾಸ್ತ್ರ ಕೇಳತೊಡಗಿದನು. ತನಗೆ ಬೇಕಾದ ಪಾಠ ಮಾತ್ರ ಕೇಳಿದನು, ಪರೀಕ್ಷೆಗೆ ಕೂರಲಿಲ್ಲ, ಕೊನೆಗೆ ವಿದ್ಯಾಲಯ ಆತನನ್ನು ಹೊರಗೆ ಕಳುಹಿಸಿತು. 1937ರ ಕೊನೆಗೆ ಉಂಗುರ ಸಿದ್ಧವಾಯಿತು. ಆದರೆ ಒಂದು ಒಳ್ಳೆಯ ಉಂಗುರ ಮಾಡುವುದು ಬೇರೆ, ಸಾವಿರವನ್ನು ಒಂದೇ ತೆರನಾಗಿ ಮಾಡುವುದು ಬೇರೆ. ಟೊಯೊಟಾ ಕಂಪೆನಿ ಪರೀಕ್ಷೆಗೆಂದು ಆರಿಸಿದ 50 ಉಂಗುರಗಳಲ್ಲಿ ತೇರ್ಗಡೆಯಾದವು 3 ಮಾತ್ರ. ಅದನ್ನು ಸರಿಪಡಿಸಲು ಮತ್ತೆ ವರ್ಷಗಳು ಹಿಡಿದವು.

ಯುದ್ಧ ಬಂದಿತು. ಗಂಡಸರು ರಣರಂಗಕ್ಕೆ ಹೋದ ಮೇಲೆ ಹೆಂಗಸರು ನಡೆಸಬಲ್ಲ ಸ್ವಯಂಚಾಲಿತ ಯಂತ್ರಗಳನ್ನು ಹೋಂಡಾ ಕಟ್ಟಿದನು. ಅದೇ ಊರಿನ ವಾದ್ಯ ತಯಾರಕರಾದ ನಿಪ್ಪೋನ್ ಗಕ್ಕಿಯವರು ಆಗ ವಿಮಾನಕ್ಕೆ ಮರದ ಪ್ರೊಪೆಲರುಗಳನ್ನು ಕೆತ್ತುತ್ತಿದ್ದರು. ಈತ ಮಾಡಿಕೊಟ್ಟ ಯಂತ್ರದಿಂದ ದಿನಗಟ್ಟಲೆಯ ಕೆಲಸ ನಿಮಿಷಗಳ ಲೆಕ್ಕಕ್ಕೆ ಇಳಿಯಿತು. ಮುಂದೆ ಯಮಾಹಾ ಮೋಟಾರ್ ಸೈಕಲ್ಲುಗಳು ಹೊರಟದ್ದು ಇದೇ ವಾದ್ಯ ಕಂಪೆನಿಯಿಂದ ಎಂಬುದನ್ನು ನೆನೆದರೆ, ಪ್ರತಿಸ್ಪರ್ಧಿಗಳು ಒಂದೇ ಅಂಗಳದಲ್ಲಿ ಬೆಳೆದ ನೆರೆಯವರೆಂಬುದು ತಿಳಿಯುತ್ತದೆ. ಹಮಾಮಾತ್ಸುವಿನ ಮೇಲೆ ಬಾಂಬುಗಳು ಬಿದ್ದವು. ಉಳಿದದ್ದನ್ನು 1945ರ ಜನವರಿಯ ಭೂಕಂಪ ಕೆಡವಿತು. ಯುದ್ಧ ಮುಗಿದ ಮೇಲೆ ಹೋಂಡಾ ತನ್ನ ಪಾಲಿನ ಷೇರುಗಳನ್ನು ಟೊಯೊಟಾಗೆ ನಾಲ್ಕೂವರೆ ಲಕ್ಷ ಯೆನ್‌ಗೆ ಮಾರಿ, ಒಂದು ಪೀಪಾಯಿ ಆಲ್ಕೋಹಾಲು ಕೊಂಡುತಂದು ಸ್ನೇಹಿತರಿಗೆ ಕುಡಿಸಿ, ಕೊಳಲು ನುಡಿಸುತ್ತ ಒಂದು ವರ್ಷ ಏನೂ ಮಾಡದೆ ಕುಳಿತನು. ನಾಡೇ ಬೂದಿಯಾಗಿರುವಾಗ ಅವಸರಪಡದೆ ಕೂರುವುದಕ್ಕೂ ಧೈರ್ಯ ಬೇಕು.

ಒಂದು ದಿನ ಆತನ ಕಣ್ಣಿಗೆ ಸೇನೆಯವರು ರೇಡಿಯೊಗೆ ವಿದ್ಯುತ್ತು ಒದಗಿಸಲು ಬಳಸುತ್ತಿದ್ದ ಪುಟ್ಟ ಎಂಜಿನೊಂದು ಬಿದ್ದಿತು. ಆಗಿನ ಜಪಾನಿನಲ್ಲಿ ರೈಲುಗಳು ಕಿಕ್ಕಿರಿದಿದ್ದವು, ಪೆಟ್ರೋಲಿಗೆ ರೇಷನ್ನು, ಅಕ್ಕಿ ತರಲು ಹೆಂಗಸರು ಮೈಲುಗಟ್ಟಲೆ ಸೈಕಲ್ ತುಳಿದು ಹಳ್ಳಿಗಳಿಗೆ ಹೋಗುತ್ತಿದ್ದರು. ಹೋಂಡಾ ಆ ಎಂಜಿನನ್ನು ಸೈಕಲ್ಲಿಗೆ ಕಟ್ಟಿದನು. ಪೆಟ್ರೋಲು ತುಂಬಲು ಟ್ಯಾಂಕ್ ಇರಲಿಲ್ಲ. ಚಳಿಗಾಲದಲ್ಲಿ ಬಿಸಿನೀರು ತುಂಬಿ ಹಾಸಿಗೆಯಲ್ಲಿಟ್ಟುಕೊಳ್ಳುವ ಪಾತ್ರೆಯೇ ಟ್ಯಾಂಕ್ ಆಯಿತು. ಮೊದಲು ಅದನ್ನು ಬೀದಿಯಲ್ಲಿ ಓಡಿಸಿ ನೋಡಿದವಳು ಸಾಚಿ. ಹಿಂದಿರುಗಿ ಬಂದು, ತನ್ನ ಉಡುಪೆಲ್ಲ ಎಣ್ಣೆಯ ಕಲೆಯಾಯಿತೆಂದೂ, ಇಂಥದನ್ನು ಮಾರಿದರೆ ಕೊಂಡವರು ಬೈಯುತ್ತಾರೆಂದೂ ಗಂಡನಿಗೆ ನೇರವಾಗಿ ತಿಳಿಸಿದಳು. ಹೋಂಡಾ ಅದನ್ನು ಸರಿಪಡಿಸಿದನು. ಕಂಪೆನಿಯ ಮೊಟ್ಟಮೊದಲ ಪರೀಕ್ಷಾ ಚಾಲಕಿ ಈಕೆಯೇ ಎಂದು ನಾನು ಬಗೆಯುತ್ತೇನೆ. ಇತಿಹಾಸಗಳಲ್ಲಿ ಈಕೆಗೆ ಸಿಗುವುದು ಒಂದೆರಡು ಸಾಲು. 1946ರ ಅಕ್ಟೋಬರಿನಲ್ಲಿ ಹಮಾಮಾತ್ಸುವಿನ ಒಂದು ಮುರುಕು ಷೆಡ್ಡಿನ ಮುಂದೆ ಹೋಂಡಾ ತಾಂತ್ರಿಕ ಸಂಶೋಧನಾಲಯ ಎಂಬ ದೊಡ್ಡ ಹೆಸರಿನ ಫಲಕ ಏರಿತು. ಸೇನೆಯ ಎಂಜಿನುಗಳು ಸುಮಾರು 500 ಸಿಕ್ಕಿದ್ದವು. ಅವು ಮುಗಿದ ಮೇಲೆ, 1947ರಲ್ಲಿ, ಸ್ವಂತ ಎಂಜಿನ್ ಹೊರಟಿತು. ಆ ಸದ್ದನ್ನು ಕೇಳಿ ಜಪಾನಿನ ಜನ ಆ ಬಂಡಿಯನ್ನು ಬಾಟಾಬಾಟಾ ಎಂದು ಕರೆದರು. ನಮ್ಮ ಹಳ್ಳಿಗರು ಮೋಟಾರ್ ಸೈಕಲ್ಲಿಗೆ ಫಟಫಟಿ ಎಂಬ ಹೆಸರಿಟ್ಟದ್ದೂ ಇದೇ ಕಿವಿಯಿಂದಲೇ ಅಲ್ಲವೆ?

1948ರ ಸೆಪ್ಟೆಂಬರ್ 24ರಂದು ಹತ್ತು ಲಕ್ಷ ಯೆನ್ ಬಂಡವಾಳದಿಂದ, 34 ಮಂದಿ ಕೆಲಸಗಾರರಿಂದ, ಹೋಂಡಾ ಮೋಟಾರ್ ಕಂಪೆನಿ ಸ್ಥಾಪನೆಯಾಯಿತು. ಮರುವರ್ಷ ಡ್ರೀಮ್ ಎಂಬ ಹೆಸರಿನ ಮೊದಲ ಪೂರ್ಣ ಮೋಟಾರ್ ಸೈಕಲ್ಲು ಹೊರಬಂದಿತು. ಬಂಡಿ ಚೆನ್ನಾಗಿತ್ತು, ಹಣ ವಸೂಲಾಗುತ್ತಿರಲಿಲ್ಲ. ಹೀಗಿರುವಾಗ, 1949ರಲ್ಲಿ, ಮಿತ್ರರೊಬ್ಬರ ಮೂಲಕ ತಾಕೆಯೊ ಫುಜಿಸಾವಾ ಎಂಬವನ ಪರಿಚಯವಾಯಿತು. ಹೋಂಡಾನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ಒಬ್ಬನು ಎಂಜಿನ್ ಬಲ್ಲವನು, ಲೆಕ್ಕ ಅರಿಯದವನು. ಇನ್ನೊಬ್ಬನು ಲೆಕ್ಕ ಬಲ್ಲವನು, ಮೋಟಾರು ನಡೆಸುವ ಪರವಾನಗಿಯನ್ನು ಕೂಡ ಪಡೆಯದವನು. ಒಬ್ಬನು ಕೆಂಪು ಅಂಗಿ ತೊಟ್ಟು ಗದ್ದಲ ಮಾಡುವವನು. ಇನ್ನೊಬ್ಬನು ಒಂಟಿಯಾಗಿ ಕುಳಿತು ಸಂಗೀತ ಕೇಳುವವನು, ಪುಸ್ತಕ ಓದುವವನು. ತಯಾರಿಕೆ ಒಬ್ಬನದು, ಮಾರಾಟ ಇನ್ನೊಬ್ಬನದು ಎಂದು ಹಂಚಿಕೊಂಡರು. ಹೋಂಡಾ ಕಂಪೆನಿಯ ಅಧಿಕೃತ ಮುದ್ರೆಯನ್ನು ಫುಜಿಸಾವಾನ ಕೈಗೆ ಕೊಟ್ಟನು. ಮತ್ತೆ ಅದನ್ನು ಮುಟ್ಟಲಿಲ್ಲ. ಬಾಲ್ಯದಲ್ಲಿ ಕಳ್ಳಮುದ್ರೆ ಕೆತ್ತಿದವನು ಅಧ್ಯಕ್ಷನಾದ ಮೇಲೆ ನಿಜವಾದ ಮುದ್ರೆಯನ್ನು ಇಪ್ಪತ್ತನಾಲ್ಕು ವರ್ಷ ಇನ್ನೊಬ್ಬನಲ್ಲಿ ಬಿಟ್ಟಿದ್ದನು. ಅಣ್ಣತಮ್ಮಂದಿರಲ್ಲೂ ಇಂಥ ವಿಶ್ವಾಸ ಅಪರೂಪ.

1952ರಲ್ಲಿ ಸೈಕಲ್ಲಿಗೆ ಜೋಡಿಸಬಹುದಾದ ಕಬ್ ಎಂಬ ಪುಟ್ಟ ಎಂಜಿನ್ ಬಂದಿತು. ಬಿಳಿಯ ಟ್ಯಾಂಕು, ಕೆಂಪು ಎಂಜಿನ್. ಫುಜಿಸಾವಾ ಜಪಾನಿನ 50,000ಕ್ಕೂ ಹೆಚ್ಚು ಸೈಕಲ್ ಅಂಗಡಿಗಳಿಗೆ ಕಾಗದ ಬರೆದನು. ಸಾವಿರಾರು ಅಂಗಡಿಗಳು ಮುಂಗಡ ಹಣ ಕಳುಹಿಸಿದವು. ಅದೇ ಧೈರ್ಯದ ಮೇಲೆ ಹೋಂಡಾ 45 ಕೋಟಿ ಯೆನ್ ಬೆಲೆಯ ಯಂತ್ರಗಳನ್ನು ಅಮೆರಿಕ ಮತ್ತು ಯೂರೋಪುಗಳಿಂದ ತರಿಸಲು ಹೊರಟನು; ಕಂಪೆನಿಯ ಬಂಡವಾಳ ಅದರ ಸಣ್ಣದೊಂದು ಅಂಶದಷ್ಟೂ ಇರಲಿಲ್ಲ. 1954ರಲ್ಲಿ ಎಲ್ಲವೂ ಒಟ್ಟಿಗೆ ಕೈಕೊಟ್ಟಿತು. ಕಬ್ ಮಾರಾಟ ಕುಸಿಯಿತು. ಜೂನೊ ಎಂಬ ಸ್ಕೂಟರು ತೂಕ ಹೆಚ್ಚಾಗಿ ಕಾದು ಕೆಂಡವಾಗುತ್ತಿತ್ತು. ಹೊಸ ಡ್ರೀಮ್‌ನ ಎಂಜಿನ್ ನಡುದಾರಿಯಲ್ಲಿ ನಿಲ್ಲುತ್ತಿತ್ತು. ತರಿಸಿದ ಯಂತ್ರಗಳ ಹಣ ಕೊಡುವ ಗಡುವು ಬಂದಿತ್ತು. ಇಂಥ ವಿಷಮ ಕಾಲದಲ್ಲಿ, ಆ ವರ್ಷದ ಮಾರ್ಚ್ 20ರಂದು, ಬ್ರಿಟನ್ನಿನ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನಡೆಯುವ ಜಗತ್ಪ್ರಸಿದ್ಧ ಟಿಟಿ ಪಂದ್ಯದಲ್ಲಿ ತಮ್ಮ ಬಂಡಿ ಸ್ಪರ್ಧಿಸಿ ಗೆಲ್ಲುವುದೆಂದು ಹೋಂಡಾನ ಹೆಸರಿನಲ್ಲಿ ಘೋಷಣೆ ಹೊರಟಿತು! ಬರೆದವನು ಫುಜಿಸಾವಾ. ಮುಳುಗುವ ದೋಣಿಯಲ್ಲಿ ನಿಂತು ಸಮುದ್ರ ದಾಟುವ ಶಪಥ ಮಾಡಿದಂತಾಯಿತು. ಆದರೆ ಅಂಜಿದ ಕೆಲಸಗಾರರಿಗೆ ಕೂಳಿನಷ್ಟೇ ಕನಸೂ ಬೇಕೆಂದು ಆತ ಅರಿತಿದ್ದಿರಬೇಕು.

ಆ ಜೂನಿನಲ್ಲಿ ಹೋಂಡಾ ದ್ವೀಪಕ್ಕೆ ಹೋಗಿ ಪಂದ್ಯವನ್ನು ಕಂಡನು. ಜರ್ಮನಿಯ ಎನ್‌ಎಸ್‌ಯು ಬಂಡಿಗಳು ಅಷ್ಟೇ ಗಾತ್ರದ ತನ್ನ ಎಂಜಿನಿಗಿಂತ ಮೂರುಪಟ್ಟು ಶಕ್ತಿ ಹೊರಡಿಸುತ್ತಿದ್ದುದನ್ನು ನೋಡಿ ಎದೆ ಧಸಕ್ಕೆಂದಿತು. ಯೂರೋಪಿನಲ್ಲಿ ಕೈಗೆ ಸಿಕ್ಕ ಟೈರು, ಚೈನು, ಕಾರ್ಬುರೇಟರುಗಳನ್ನು ಕೊಂಡು ಚೀಲಕ್ಕೆ ತುಂಬಿಕೊಂಡನು. ರೋಮ್ ವಿಮಾನನಿಲ್ದಾಣದಲ್ಲಿ ತೂಕ ಹೆಚ್ಚೆಂದು ತಡೆದಾಗ, ದಪ್ಪನೆಯ ಪ್ರಯಾಣಿಕರನ್ನು ತೂಗದೆ ಸಣ್ಣಗಿರುವ ತನ್ನ ಚೀಲವನ್ನು ಮಾತ್ರ ತೂಗುವುದು ಯಾವ ನ್ಯಾಯವೆಂದು ಜಗಳವಾಡಿದನು. ಇತ್ತ ಫುಜಿಸಾವಾ ಬ್ಯಾಂಕಿನವರ ಮುಂದೆಯೂ ಕಾರ್ಮಿಕರ ಮುಂದೆಯೂ ಇದ್ದದ್ದನ್ನು ಇದ್ದಂತೆ ಹೇಳಿ ಕಂಪೆನಿಯನ್ನು ಉಳಿಸಿಟ್ಟಿದ್ದನು. ಪಂದ್ಯದ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ: 1959ರಲ್ಲಿ ಹೋಂಡಾ ತಂಡ ಮೊದಲ ಬಾರಿಗೆ ದ್ವೀಪಕ್ಕೆ ಹೋಗಿ 125 ಸಿಸಿ ವರ್ಗದಲ್ಲಿ ಆರನೆಯ ಸ್ಥಾನವನ್ನೂ ತಂಡದ ಬಹುಮಾನವನ್ನೂ ಪಡೆಯಿತು, 1961ರಲ್ಲಿ 125 ಮತ್ತು 250 ಸಿಸಿ ವರ್ಗಗಳೆರಡರಲ್ಲೂ ಮೊದಲ ಐದು ಸ್ಥಾನಗಳು ಹೋಂಡಾ ಬಂಡಿಗಳಿಗೇ ಬಂದವು.

ಪಂದ್ಯದ ಬಂಡಿಗಳಿಗಿಂತ ನನ್ನ ಮನಸ್ಸನ್ನು ಹೆಚ್ಚು ಸೆಳೆಯುವುದು 1958ರ ಆಗಸ್ಟಿನಲ್ಲಿ ಬಂದ ಸೂಪರ್ ಕಬ್. 1956ರಲ್ಲಿ ಇಬ್ಬರೂ ಯೂರೋಪಿಗೆ ಹೋದಾಗ, ಸಾಮಾನ್ಯರು ಕೊಳ್ಳಬಹುದಾದ 50 ಸಿಸಿ ಬಂಡಿಯೊಂದು ಬೇಕೆಂದು ಫುಜಿಸಾವಾ ದಾರಿಯುದ್ದಕ್ಕೂ ಪೀಡಿಸಿದನಂತೆ. ಅಂಗಡಿಗಳಲ್ಲಿದ್ದ ಬಂಡಿಗಳನ್ನು ಹೋಂಡಾ ಒಂದೊಂದಾಗಿ ತೋರಿಸಿದರೆ ಆತ ತಲೆಯಾಡಿಸುತ್ತಿದ್ದನು. ಊರಿಗೆ ಬಂದು ಹೋಂಡಾ ನೆಲದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆಯುತ್ತ ಕೆಲಸಕ್ಕೆ ತೊಡಗಿದನು. ಜಪಾನಿನಲ್ಲಿ ಸೋಬಾ ಎಂಬ ಶಾವಿಗೆಯನ್ನು ಮನೆಮನೆಗೆ ಮುಟ್ಟಿಸುವ ಹುಡುಗರು ಒಂದು ಕೈಯಲ್ಲಿ ತಟ್ಟೆಗಳ ಗೋಪುರವನ್ನೆತ್ತಿಕೊಂಡು ಸೈಕಲ್ ನಡೆಸುತ್ತಿದ್ದರು. ಅವರು ಒಂದೇ ಕೈಯಲ್ಲಿ ಓಡಿಸುವಂತಿರಬೇಕು ಎಂಬುದು ಆತನ ಪಣ. ಸಾಮಾನ್ಯ ಮೋಟಾರ್ ಸೈಕಲ್ಲಿನಲ್ಲಿ ಗೇರು ಬದಲಿಸುವಾಗ ಎಡಗೈಯಿಂದ ಕ್ಲಚ್ಚು ಹಿಡಿಯಬೇಕಷ್ಟೆ. ಇದರಲ್ಲಿ ಆ ಹಿಡಿಕೆಯೇ ಇಲ್ಲ. ಎಂಜಿನ್ ವೇಗವಾಗಿ ತಿರುಗಿದಾಗ ಒಳಗಿನ ತೂಕದ ತುಂಡುಗಳು ಹೊರಕ್ಕೆ ಚಿಮ್ಮಿ ಕ್ಲಚ್ಚನ್ನು ತಾವೇ ಬಿಗಿಹಿಡಿಯುತ್ತವೆ, ನಿಧಾನವಾದಾಗ ಬಿಡುತ್ತವೆ. ಗೇರಿನ ಕೆಲಸ ಕಾಲಿನದು. ಎಡಗೈಯ ಕಷ್ಟವನ್ನು ಬಲ್ಲವನೊಬ್ಬನು ಎಡಗೈಗೆ ಬಿಡುವು ಕೊಟ್ಟನು! ಕೆಸರು ಹಾರದಂತೆ ಮುಂದೆ ಪ್ಲಾಸ್ಟಿಕ್ಕಿನ ಮರೆ. ಸೀರೆಯಂಥ ಉಡುಪಿನ ಹೆಂಗಸರೂ ಕಾಲೆತ್ತದೆ ಹತ್ತುವಂತೆ ತಗ್ಗಿದ ನಡು. ಮಾದರಿಯನ್ನು ಕಂಡ ಫುಜಿಸಾವಾ ಮೂವತ್ತು ಸಾವಿರ ಮಾರಬಹುದೆಂದನು. ವರ್ಷಕ್ಕೆಂದು ಸುತ್ತಲಿದ್ದವರು ತಿಳಿದರು. ಆತ ಹೇಳಿದ್ದು ತಿಂಗಳಿಗೆ. ಅಷ್ಟನ್ನು ತಯಾರಿಸಲೆಂದೇ 1960ರಲ್ಲಿ ಸುಜುಕಾ ಎಂಬಲ್ಲಿ ಕಾರ್ಖಾನೆ ಎದ್ದಿತು. 2017ರ ವೇಳೆಗೆ ಈ ವಂಶದ ಬಂಡಿಗಳ ಸಂಖ್ಯೆ ಹತ್ತು ಕೋಟಿಯನ್ನು ಮುಟ್ಟಿತು. ಮೋಟಾರು ಎಂಬುದು ಹುಟ್ಟಿದಾಗಿನಿಂದ ಬೇರಾವ ವಾಹನವೂ ಇಷ್ಟು ಸಂಖ್ಯೆಯಲ್ಲಿ ತಯಾರಾದುದಿಲ್ಲ. 1984ರಲ್ಲಿ ಭಾರತದ ಹೀರೊ ಕಂಪೆನಿ ಹೋಂಡಾದವರ ಜೊತೆಗೂಡಿ ಸಣ್ಣ ಎಂಜಿನಿನ ಮೋಟಾರ್ ಸೈಕಲ್ಲುಗಳ ತಯಾರಿಕೆಗೆ ಇಳಿದ ಮೇಲೆ, ಹಾಲು ಮಾರುವವನಿಂದ ಶಾಲಾ ಮಾಸ್ತರರವರೆಗೆ ನಮ್ಮ ಜನವೂ ಆ ಮಿತವ್ಯಯದ ರುಚಿ ಕಂಡರು.

ಇಷ್ಟು ಹೊತ್ತಿಗೆ ಓದುಗರಿಗೆ ಹೋಂಡಾ ಸೋಲರಿಯದ ಪುರುಷನೆಂದು ಕಂಡಿದ್ದರೆ ಅದು ನಿಜವಲ್ಲ. ಆತನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಆತನ ಇನ್ನೊಂದು ಮುಖ ಗೊತ್ತು. ಕೆಲಸ ಕೆಟ್ಟರೆ ಕೈಯಲ್ಲಿದ್ದುದರಿಂದ ಹೊಡೆಯುತ್ತಿದ್ದನು, ಸ್ಪ್ಯಾನರು ಎಸೆಯುತ್ತಿದ್ದನು. ಆಮೇಲೆ ಪಶ್ಚಾತ್ತಾಪಪಡುತ್ತಿದ್ದನೆಂಬುದರಿಂದ ಪೆಟ್ಟು ತಿಂದವನ ನೋವು ಕಡಮೆಯಾಗುವುದಿಲ್ಲ. ಆತನ ಶಿಷ್ಯರು ಇದನ್ನು ಪ್ರೀತಿಯಿಂದ ನೆನೆಯುತ್ತಾರೆ, ನಾನು ನೆನೆಯಲಾರೆ.

1960ರ ದಶಕದ ಕೊನೆಗೆ ಆತನ ಹಟ ಕಂಪೆನಿಯನ್ನೇ ಅಪಾಯಕ್ಕೆ ಒಡ್ಡಿತು. ಆಗ ಕಂಪೆನಿ ಕಾರುಗಳಿಗೂ ಕೈ ಹಾಕಿತ್ತು. ಎಂಜಿನನ್ನು ತಣಿಸಲು ನೀರು ಬೇಕಿಲ್ಲ, ಗಾಳಿ ಸಾಕೆಂಬುದು ಹೋಂಡಾನ ಸಿದ್ಧಾಂತ. ನೀರನ್ನಾದರೂ ಕೊನೆಗೆ ತಣಿಸುವುದು ಗಾಳಿಯೇ. ಹಾಗಿದ್ದ ಮೇಲೆ ನಡುವೆ ನೀರಿನ ಗೊಡವೆ ಏಕೆ ಎಂದು ಆತನ ವಾದ. ಕೇಳಲು ಎಷ್ಟು ಸೊಗಸಾಗಿದೆ! ಮೋಟಾರ್ ಸೈಕಲ್ಲಿನ ಮಟ್ಟಿಗೆ ಅದು ಸರಿಯೂ ಹೌದು. 1968ರ ಅಕ್ಟೋಬರಿನಲ್ಲಿ ಟೋಕಿಯೊ ಪ್ರದರ್ಶನದಲ್ಲಿ ಜಗತ್ತಿನ ಕಣ್ಣು ಕುಕ್ಕಿದ ನಾಲ್ಕು ಸಿಲಿಂಡರಿನ ಸಿಬಿ 750, ಇಂದು ಹಳೆಯ ಬಂಡಿಗಳ ಪ್ರೇಮಿಗಳು ಪೂಜಿಸುವ ಆ ಮೋಟಾರ್ ಸೈಕಲ್ಲು, ಗಾಳಿಯಿಂದಲೇ ತಣಿಯುತ್ತಿತ್ತು. ಆದರೆ ಕಾರಿನ ಎಂಜಿನ್ ಮುಚ್ಚಳದೊಳಗೆ ಇರುವಂಥದು. ಅದೇ ವರ್ಷ ಜುಲೈ 7ರಂದು ಫ್ರಾನ್ಸಿನ ರೂಆನ್ ಪಂದ್ಯದಲ್ಲಿ ಗಾಳಿಯಿಂದ ತಣಿಸುವ ಹೋಂಡಾ ಕಾರೊಂದು ಮಳೆಯಲ್ಲಿ ಹಾದಿ ತಪ್ಪಿ ಹೊತ್ತಿಕೊಂಡು, ಚಾಲಕ ಜೊ ಶ್ಲೆಸರ್ ಅದರಲ್ಲೇ ಸುಟ್ಟುಹೋದನು. ತಂಡದ ಮುಖ್ಯ ಚಾಲಕ ಜಾನ್ ಸರ್ಟೀಸ್ ಆ ಕಾರು ಪಂದ್ಯಕ್ಕೆ ಸಿದ್ಧವಾಗಿಲ್ಲವೆಂದು ಅದನ್ನು ಓಡಿಸಲು ಮೊದಲೇ ನಿರಾಕರಿಸಿದ್ದನು. ಇಷ್ಟಾದರೂ ಹೋಂಡಾ ಬಗ್ಗಲಿಲ್ಲ. ಮರುವರ್ಷ ಮಾರಾಟಕ್ಕೆ ಬಂದ 1300 ಎಂಬ ಕಾರು ಅದೇ ಹಟದ ಕೂಸು. ಭಾರ ಹೆಚ್ಚು, ಬೆಲೆ ಹೆಚ್ಚು, ಕೊಳ್ಳುವವರು ಕಡಮೆ. ದಿನಕ್ಕೊಂದು ಬದಲಾವಣೆ ಹೇಳುವ ಅಧ್ಯಕ್ಷನ ಮುಂದೆ ಎಂಜಿನಿಯರುಗಳು ಬಳಲಿದರು. ಅವರಲ್ಲಿ ತದಾಶಿ ಕುಮೆ ಎಂಬವನು ಬೇಸತ್ತು ಕೆಲಕಾಲ ಕೆಲಸಕ್ಕೇ ಬರಲಿಲ್ಲ.

ತರುಣರು ಫುಜಿಸಾವಾನ ಬಳಿಗೆ ಹೋದರು. ಇಪ್ಪತ್ತು ವರ್ಷ ತಯಾರಿಕೆಯ ವಿಷಯದಲ್ಲಿ ತುಟಿ ಬಿಚ್ಚದಿದ್ದವನು ಆತ. ಎಂಜಿನಿನ ಗುಣದೋಷ ತನಗೆ ತಿಳಿಯದೆಂದೂ ಬಲ್ಲನು. ಆದ್ದರಿಂದ ಆತ ಹೋಂಡಾನೊಡನೆ ಎಂಜಿನ್ ಕುರಿತು ವಾದಿಸಲೇ ಇಲ್ಲ. ನೀನು ಈ ಕಂಪೆನಿಯ ಅಧ್ಯಕ್ಷನೊ, ಅಥವಾ ಅದರ ಎಂಜಿನಿಯರುಗಳಲ್ಲಿ ಒಬ್ಬನೊ, ಯಾವುದಾಗಿರಲು ಬಯಸುವೆ ಎಂಬ ಅರ್ಥದ ಒಂದೇ ಪ್ರಶ್ನೆ ಹಾಕಿದನು. ಹೋಂಡಾ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನು ಅಧ್ಯಕ್ಷನಾಗಿರಬೇಕಾದೀತೆಂದು ಒಪ್ಪಿದನು. ಹಾಗಾದರೆ ಹುಡುಗರು ನೀರಿನ ಎಂಜಿನ್ ಮಾಡಲಿ ಎಂದು ತೀರ್ಮಾನವಾಯಿತು. ಮರುದಿನದಿಂದ ಆತ ಅದಕ್ಕೆ ಅಡ್ಡ ಬರಲಿಲ್ಲ. ಕುಲುಮೆಯ ಮುಂದೆ ಹುಟ್ಟಿ, ಕೈಯ ಬಲದಿಂದಲೇ ಮೇಲೆ ಬಂದು, ತನ್ನ ಕೈಯ ಮೇಲಿನ ನಂಬಿಕೆಯನ್ನೇ ಜೀವವಾಗಿಸಿಕೊಂಡವನಿಗೆ ಆ ಕೆಲವು ನಿಮಿಷಗಳ ಮೌನ ಎಷ್ಟು ಕಠಿನವಾಗಿದ್ದಿರಬೇಕೆಂದು ನಾನು ಅನೇಕ ಸಲ ಯೋಚಿಸಿದ್ದೇನೆ. 1972ರಲ್ಲಿ ಆ ಹುಡುಗರು, ಅಮೆರಿಕದ ಹೊಸ ಹೊಗೆ ನಿಯಂತ್ರಣ ಕಾನೂನನ್ನು ಎಲ್ಲರಿಗಿಂತ ಮೊದಲು ತೃಪ್ತಿಪಡಿಸಿದ ಸಿವಿಸಿಸಿ ಎಂಜಿನನ್ನು ಮುಂದಿಟ್ಟರು. ನೀರಿನಿಂದ ತಣಿಯುವ ಎಂಜಿನ್. ಅಮೆರಿಕದ ದೈತ್ಯ ಕಂಪೆನಿಗಳನ್ನು ಸೋಲಿಸುವ ಸುಸಂಧಿ ಇದೆಂದು ಹೋಂಡಾ ಹಿಗ್ಗಿದಾಗ, ತಾವು ದುಡಿದದ್ದು ಯಾರನ್ನೋ ಸೋಲಿಸಲೆಂದಲ್ಲ, ಜನ ಉಸಿರಾಡುವ ಗಾಳಿ ಶುದ್ಧವಾಗಲೆಂದು ತರುಣರು ಹೇಳಿದರಂತೆ. ತನ್ನ ಕಾಲ ಮುಗಿಯಿತೆಂದು ಆತನಿಗೆ ತಿಳಿದದ್ದು ಆ ಮಾತಿನಿಂದ.

1973ರಲ್ಲಿ ಫುಜಿಸಾವಾ ನಿವೃತ್ತನಾಗಲು ನಿಶ್ಚಯಿಸಿದ ಸುದ್ದಿ ಕೇಳಿದ ಕ್ಷಣವೇ ಹೋಂಡಾ ತಾನೂ ಹೊರಡುವೆನೆಂದನು. ಹಿರಿಯನಿಗೆ 66, ಕಿರಿಯನಿಗೆ 62. ಒಂದು ಸಭೆಯಲ್ಲಿ ಇಬ್ಬರೂ ಸಂಧಿಸಿದಾಗ, ಒಟ್ಟಿಗೆ ಕಳೆದ ಕಾಲ ತಕ್ಕಮಟ್ಟಿಗೆ ಪರವಾಗಿಲ್ಲವೆಂದು ಇಬ್ಬರೂ ಒಪ್ಪಿಕೊಂಡರು. ಅಷ್ಟರಲ್ಲೇ ಮಾತು ಮುಗಿಯಿತು. ಮಗನನ್ನು ಹೋಂಡಾ ಕಂಪೆನಿಗೆ ಸೇರಿಸಿರಲಿಲ್ಲ. ಕಂಪೆನಿಗೆ ತನ್ನ ಮನೆತನದ ಹೆಸರಿಟ್ಟದ್ದೇ ತಪ್ಪಾಯಿತೆಂದು ಕೊರಗುತ್ತಿದ್ದನು. ಅಧ್ಯಕ್ಷ ಪದವಿ ಮೊದಲು ಹಮಾಮಾತ್ಸುವಿನ ಷೆಡ್ಡಿನ ಕಾಲದಿಂದ ಜೊತೆಗಿದ್ದ ಕಿಯೊಶಿ ಕಾವಾಶಿಮಾನಿಗೆ, ಹತ್ತು ವರ್ಷದ ಮೇಲೆ ಅದೇ ತದಾಶಿ ಕುಮೆಗೆ ಸಂದಿತು.

ನಿವೃತ್ತನಾದ ಮೇಲೆ ಹೋಂಡಾ ಕಂಪೆನಿಯ ಪ್ರತಿಯೊಬ್ಬ ಕೆಲಸಗಾರನಿಗೂ ಮುಖಾಮುಖಿ ಕೃತಜ್ಞತೆ ಹೇಳಬೇಕೆಂದು ಹೊರಟನು. ಜಪಾನಿನ ಮೂಲೆಮೂಲೆಯ ಕಾರ್ಖಾನೆ, ಮಾರಾಟದ ಮಳಿಗೆ, ಎರಡು ಮೂರು ಮಂದಿ ಮಾತ್ರ ಇರುವ ದುರಸ್ತಿ ಕೇಂದ್ರ, ಯಾವುದನ್ನೂ ಬಿಡಲಿಲ್ಲ. ಸುಮಾರು 700 ಸ್ಥಳಗಳನ್ನು ಸುತ್ತಲು ಒಂದೂವರೆ ವರ್ಷ ಹಿಡಿಯಿತು. ಒಂದೆಡೆ ತರುಣ ಕೆಲಸಗಾರನೊಬ್ಬ ಕೈ ನೀಡಲು ಬಂದು, ಅದು ಎಣ್ಣೆಯಿಂದ ಕಪ್ಪಾಗಿರುವುದನ್ನು ಕಂಡು, ತೊಳೆದುಕೊಳ್ಳಲು ಹಿಂದಕ್ಕೆ ಓಡತೊಡಗಿದನು. ಮುದುಕ ಅವನನ್ನು ತಡೆದು, ಆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು, ಆಮೇಲೆ ತನ್ನ ಅಂಗೈಗೆ ಅಂಟಿದ ಎಣ್ಣೆಯನ್ನು ಮೂಸಿ ನೋಡಿದನಂತೆ.

ಫುಜಿಸಾವಾ 1988ರ ಕೊನೆಗೆ ತೀರಿಕೊಂಡನು. ಹೋಂಡಾ 1991ರ ಆಗಸ್ಟ್ 5ರಂದು, 84ನೆಯ ವಯಸ್ಸಿನಲ್ಲಿ, ಟೋಕಿಯೊದ ಆಸ್ಪತ್ರೆಯೊಂದರಲ್ಲಿ ಯಕೃತ್ತಿನ ವ್ಯಾಧಿಯಿಂದ ಕಣ್ಮುಚ್ಚಿದನು. ಜಪಾನಿನಲ್ಲಿ ದೊಡ್ಡ ಕಂಪೆನಿಯ ಸ್ಥಾಪಕನು ಸತ್ತರೆ ಕಂಪೆನಿಯ ವತಿಯಿಂದ ವೈಭವದ ಅಂತ್ಯಕ್ರಿಯೆ ನಡೆಯುವುದು ಪದ್ಧತಿ. ಅದು ಕೂಡದೆಂದು ಆತ ಮೊದಲೇ ಹೇಳಿಟ್ಟಿದ್ದನು. ಬರುವವರೆಲ್ಲ ಕಾರುಗಳಲ್ಲಿ ಬರುತ್ತಾರೆ, ರಸ್ತೆಗಳಲ್ಲಿ ವಾಹನಗಳು ಸಿಕ್ಕಿಹಾಕಿಕೊಂಡು ಊರ ಜನಕ್ಕೆ ತೊಂದರೆಯಾಗುತ್ತದೆ, ವಾಹನ ತಯಾರಿಸಿ ಬದುಕಿದವನು ಹಾಗೆ ಮಾಡಬಾರದು ಎಂಬುದು ಆತ ಕೊಟ್ಟ ಕಾರಣ. ಕಂಪೆನಿಯವರು ಆ ಮಾತನ್ನು ನಡೆಸಿಕೊಟ್ಟರು.